ಗಾಡಿ ಬಾರದ ಮಧ್ಯಾಹ್ನ

ವಾಡಿ ಜಂಕ್ಷನ್ ಎದುರು ಗಡಿಯಾರ ರಿಪೇರಿ ಮಾಡುತ್ತಿದ್ದ ಮಜೀದಸಾಬರಿಗೆ ಕೈಯೇ ಅಂಗಡಿ. ಉಳಿದದ್ದೆಂದರೆ ಒಂದು ಭೂತಗನ್ನಡಿ, ಮೇಜಿನ ಮೇಲೊಂದು ಫರಸಿ ಕಲ್ಲು. ರೈಲ್ವೆ ಗಾರ್ಡುಗಳು ತಮ್ಮ ಗಡಿಯಾರವನ್ನು ಬೇರೆ ಕೈಗೆ ಕೊಡುತ್ತಿರಲಿಲ್ಲ.

ಎಂಬತ್ನಾಲ್ಕರ ಚಳಿಗಾಲದಲ್ಲಿ ಇಂಜಿನಿಯರ್ ದೇವೀಂದ್ರಪ್ಪ ಒಂದು ರಿಮೋಟ್ ಕಾರು ತಂದರು. ದುಬೈಯಿಂದ ಅವರ ಭಾವ ತಂದದ್ದು. ನಾಲ್ಕು ಗಾಲಿಗೂ ಕಿರುಬೆರಳಿಗಿಂತ ಸಣ್ಣ ಶಾಕ್ ಅಬ್ಸಾರ್ಬರು. ಒಳಗಿನ ಎಣ್ಣೆ ಸೋರಿ ಕಾರು ಕಪ್ಪೆಯಂತೆ ಕುಪ್ಪಳಿಸುತ್ತಿತ್ತು.

"ಐತವಾರ ಕ್ಲಬ್ಬಿನಾಗ ಓಡಸೋದದ. ಇಷ್ಟು ಸಣ್ಣ ಕೆಲಸ ನಿಮ್ಮ ಕೈಗೇ ಆಗೋದು, ಮಜೀದಸಾಬ."

"ದೊಡ್ಡವರ ಆಟಿಗಿಗೆ ಸಣ್ಣ ಕೆಲಸಾನೇ ಇರ್ತದ ಬಿಡ್ರಿ, ಸಾಹೇಬ್ರ."

ಹೊಲಿಗೆ ಮಿಷನ್ನಿನ ಎಣ್ಣೆ ತುಂಬಿ, ಕಾರನ್ನು ಕಲ್ಲಿನ ಮೇಲಿಟ್ಟು, ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿದರು. ವಾಡಿಯಲ್ಲಿ ಗಾಡಿಯ ನಾಡಿ ಹಿಡಿದ ಮೊದಲ ಹಕೀಮರು ಅವರೇ ಇರಬೇಕು. ಮುಂದಿನ ಗಾಲಿ ನಡುಗಿತು. ಹೊರಗೆ ಗೂಡ್ಸ್ ಗಾಡಿ ಹೋಗುತ್ತಿತ್ತು.

ವಾಡಿಯಲ್ಲಿ ಗಾಡಿ ಬಂದರೆ ಬಾಗಿಲು, ಬೋಗುಣಿ ಎಲ್ಲ ನಡುಗುತ್ತವೆ. ಜನ ಮಾತು ನಿಲ್ಲಿಸಿ, ಗಾಡಿ ದಾಟಿದ ಮೇಲೆ ಮುಂದುವರಿಸುತ್ತಾರೆ. ಮಜೀದಸಾಬರು ಸ್ಕ್ರೂಡ್ರೈವರ್ ಎತ್ತಿ ಹಿಡಿದು ಕಾಯುತ್ತಿದ್ದರು. ಈಚೆಗೆ ಎತ್ತಿ ಹಿಡಿದಿರುವುದೇ ಹೆಚ್ಚಾಗಿತ್ತು. "ಗಾಡಿ ಭಾಳ ಆದವು" ಎನ್ನುತ್ತಿದ್ದರು.

ಗಾಲಿಯ ನಡುಕ ನಿಲ್ಲಲೆಂದು ಮಂದನೆಯ ಔಡಲೆಣ್ಣೆ ಬೆರೆಸಿದರು. ನಿಲ್ಲಲಿಲ್ಲ. ಬರೀ ಔಡಲೆಣ್ಣೆಯನ್ನೇ ತುಂಬಿದರು. ಆಗಲೂ ನಿಲ್ಲಲಿಲ್ಲ.

ಶನಿವಾರ ಮಧ್ಯಾಹ್ನ ಜಂಕ್ಷನ್ನಿನ ಬಾಯಲ್ಲೇ ವ್ಯಾಗನ್ ಹಳಿ ತಪ್ಪಿ ಎಲ್ಲ ಲೈನೂ ಬಂದ್ ಆಯಿತು. ನೊಣದ ಸದ್ದೂ ಕೇಳುವಷ್ಟು ಊರು ಸುಮ್ಮನಾಯಿತು. ಈಗ ಸರಿಯಾಗಿ ತಿಳಿಯುತ್ತದೆಂದು ಮಜೀದಸಾಬರು ಹೆಬ್ಬೆರಳು ಒತ್ತಿದರು.

ಗಾಲಿ ನಡುಗಿತು.

ಹೆಂಡತಿ ಮಾಸುಮಬಿ ಚಹಾದ ಗ್ಲಾಸು ತಂದು ಪಕ್ಕಕ್ಕಿಟ್ಟಳು. ಚಹಾ ಅಲುಗಲಿಲ್ಲ. ಅವರು ಚಹಾ ನೋಡಿದರು, ಗಾಲಿ ನೋಡಿದರು.

"ನೀ ಒಂಚೂರು ಒತ್ತು."

ಅವಳು ಒತ್ತಿದಳು. ಗಾಲಿ ನಡುಗಲಿಲ್ಲ. ಮೂತಿ ಕೆಳಗಿಳಿದು ಅಲ್ಲೇ ಕುಂತಿತು.

"ಇದಕ್ಕೇನೂ ಆಗಿಲ್ಲಲ್ಲ. ಇಂಥಾ ಗಟ್ಟಿ ಎಣ್ಣಿ ಯಾಕ ಕುಡಿಸೀರಿ?" ಎಂದವಳ ಕಣ್ಣು ಗಂಡನ ಬೆರಳ ಮೇಲೆ ನಿಂತಿತು. ಮಜೀದಸಾಬರು ಎರಡೂ ಕೈ ಮೊಳಕಾಲ ನಡುವೆ ಇಟ್ಟುಕೊಂಡರು.

ಅಷ್ಟರಲ್ಲೇ ದೇವೀಂದ್ರಪ್ಪ ಬಂದರು. ಕಾರನ್ನು ಒತ್ತಿ ನೋಡಿದರು. "ಇದೇನ್ರಿ, ಕುಂತದ್ದು ಏಳವಲ್ದು?"

"ಎಣ್ಣಿ ತೆಳ್ಳಗ ಮಾಡಬೇಕ್ರಿ."

"ಹಂಗಾದ್ರ ಈಗೇ ಬಿಚ್ರಿ. ಇಲ್ಲೇ ಕುಂತು ನಿಮ್ಮ ಕೈಚಳಕ ನೋಡ್ತೀನಿ."

ಮಜೀದಸಾಬರು ಸ್ಕ್ರೂಡ್ರೈವರ್ ತೆಗೆದುಕೊಂಡರು. ಸಾಸಿವೆಯಷ್ಟು ಸ್ಕ್ರೂ. ಎತ್ತಿ ಹಿಡಿದರು. "ತಡೀರಿ, ಗಾಡಿ ಬರ್ಲಿಕತ್ತದ."

"ಲೈನ್ ಬಂದ್ ಅದಲ್ರಿ?"

"ಬರ್ಲಿಕತ್ತದ್ರಿ ಸಾಹೇಬ್ರ, ಕುಂದ್ರಿ," ಎಂದಳು ಮಾಸುಮಬಿ ಅವಸರದಲ್ಲಿ.

ಸ್ಕ್ರೂಡ್ರೈವರಿನ ತುದಿ ಚಹಾದ ಗ್ಲಾಸಿಗೆ ತಾಗಿ ಟಿಕ್ ಟಿಕ್ ಅನ್ನತೊಡಗಿತು. ದೇವೀಂದ್ರಪ್ಪ ತಲೆ ಎತ್ತಿ ಗೋಡೆಯ ಗಡಿಯಾರ ನೋಡಿದರು. ಅದು ನಿಂತಿತ್ತು.