ಆರನೇ ಮಂಚದ ಅಜ್ಜ

ಬೆಳಕು ಹರಿಯುವ ಮುಂಚೆಯೇ ನರ್ಸಿಂಗ್ ಹಾಸ್ಟೆಲಿನ ಹಿಂದಿನ ಅಡುಗೆ ಚಪ್ಪರದಲ್ಲಿ ಹಿಟ್ಟು ತೊಳಸುವ ಕೋಲುಗಳು ಪಾತ್ರೆಯ ಅಂಚಿಗೆ ಬಡಿಯತೊಡಗುತ್ತವೆ. ಮೊದಲು ಒಂದು ಮೂಲೆಯಲ್ಲಿ ಟೊಕ್, ಟೊಕ್. ಸ್ವಲ್ಪ ಹೊತ್ತಿಗೆ ಇನ್ನೊಂದು ಮೂಲೆಯಲ್ಲಿ. ಮಲಾವಿಯ ಉತ್ತರದ ಬೆಟ್ಟದ ಮೇಲಿನ ಆ ಮಿಷನ್ ಆಸ್ಪತ್ರೆಯಲ್ಲಿ ಮಲಗಿದವರಿಗೆ ಅಡುಗೆ ಮಾಡಿ ಹಾಕುವವರು ಅವರವರ ಮನೆಯವರೇ. ಮೆಕ್ಕೆಜೋಳದ ಹಿಟ್ಟು, ಸೌದೆ, ಪಾತ್ರೆ ಎಲ್ಲ ಹೊತ್ತು ಬಂದು, ರೋಗಿ ಮನೆಗೆ ಹೊರಡುವತನಕ ಚಪ್ಪರದಲ್ಲೇ ಇರುತ್ತಾರೆ. ಮಾಸೋಜಿ ಎಂಟು ವರ್ಷ ಅದೇ ಆಸ್ಪತ್ರೆಯಲ್ಲಿ ನೆಲ ಒರೆಸಿದವಳು. ಈಗ ಮೂವತ್ತೇಳನೆಯ ವಯಸ್ಸಿನಲ್ಲಿ, ಆಸ್ಪತ್ರೆಗೇ ಸೇರಿದ ನರ್ಸಿಂಗ್ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿನಿ. ನಲವತ್ತು ಮಕ್ಕಳ ಕಾಲೇಜು ಅದು. ಇಪ್ಪತ್ತರ ಹುಡುಗಿಯರು ಅವಳನ್ನು ಚಿಕ್ಕಮ್ಮ ಎನ್ನುತ್ತಿದ್ದರು. ಅವಳ ನೋಟ್ಸ್ ಕೇಳುವಾಗ ಮಾತ್ರ ಆ ದನಿ ಇನ್ನೂ ಮೆತ್ತಗಾಗುತ್ತಿತ್ತು.

ಆ ವಾರ ಚಪ್ಪರದ ಹಿಟ್ಟಿನ ಕೋಲುಗಳಲ್ಲಿ ಒಂದು ಅವಳ ಅತ್ತೆಯದು. ಮಾವ ಗಂಡಸರ ವಾರ್ಡಿನ ಆರನೇ ಮಂಚದಲ್ಲಿದ್ದರು. ಸಕ್ಕರೆ ಕಾಯಿಲೆ, ಕಾಲಿನಲ್ಲಿ ಒಣಗದ ಹುಣ್ಣು. ಮಾಸೋಜಿಯ ಪಾಳಿಯೂ ಅದೇ ವಾರ್ಡಿನಲ್ಲಿ ಬಿತ್ತು. ಆಸ್ಪತ್ರೆಯಲ್ಲಿ ಗಂಡಸರ ವಾರ್ಡು ಇದ್ದದ್ದೇ ಒಂದು.

ಹದಿನೆಂಟು ವರ್ಷಗಳಿಂದ ಅವಳು ಆ ಮನೆಯ ಸೊಸೆ. ಹದಿನೆಂಟು ವರ್ಷಗಳಲ್ಲಿ ಒಮ್ಮೆಯೂ ಮಾವನ ಹೆಸರು ಅವಳ ಬಾಯಿಂದ ಬಂದಿರಲಿಲ್ಲ. ಅಲ್ಲಿನ ಸೊಸೆಯಂದಿರು ಯಾರೂ ಹೇಳುವುದಿಲ್ಲ. ಅಲ್ಲಿನ ಭಾಷೆಯಲ್ಲಿ ಸುತ್ತಿಗೆಗೂ ಅದೇ ಹೆಸರಾದ್ದರಿಂದ ಅದನ್ನೂ ಅವಳು ‘ಮೊಳೆ ಬಡಿಯೋದು’ ಎಂದೇ ಕರೆಯುತ್ತಿದ್ದಳು. ಮಾವ ಎದುರು ಬಂದರೆ ದಾರಿಯ ಪಕ್ಕ ಮೊಣಕಾಲೂರಿ ಕಣ್ಣು ತಗ್ಗಿಸುವುದು, ನೀರಿಟ್ಟು ಸರಿದುಬಿಡುವುದು, ಹೇಳಬೇಕಾದದ್ದನ್ನು ಅತ್ತೆಯ ಮೂಲಕ ಹೇಳುವುದು. ಅವರೂ ಅಷ್ಟೇ. ಕಾಲೇಜಿಗೆ ಅರ್ಜಿ ಹಾಕುವ ಮಾತು ಬಂದಾಗ ಗಂಡ ಗೊಣಗಿದ್ದ. ಮಾವ ಅಂಗಳದ ಮಾವಿನ ಮರದ ಕಡೆ ಮುಖ ಮಾಡಿ, “ಓದೋರು ಓದಲಿ” ಎಂದಿದ್ದರು. ಅವರು ಅವಳಿಗಾಗಿ ಆಡಿದ ಅತಿ ಉದ್ದದ ಮಾತು ಅದು.

ವಾರ್ಡಿನಲ್ಲಿ ಅವರ ಗಾಯ ತೊಳೆಯುವುದನ್ನು ಬೇರೆ ಹುಡುಗಿಯರು ಮಾಡುತ್ತಿದ್ದರು. ಫೈಲಿನಲ್ಲಿ ಹೆಸರು ಬರೆಯಲು ಅಡ್ಡಿಯಿರಲಿಲ್ಲ. ಬರೆಯುವಾಗ ತುಟಿ ಬಿಗಿದುಕೊಳ್ಳುತ್ತಿದ್ದಳು. ಕಷ್ಟವಿದ್ದದ್ದು ಪಾಳಿ ಬದಲಾಗುವಾಗ. ಹೋಗುವವರು ಬರುವವರನ್ನು ಮಂಚದಿಂದ ಮಂಚಕ್ಕೆ ಕರೆದೊಯ್ದು, ರೋಗಿಯ ಹೆಸರನ್ನು ಗಟ್ಟಿಯಾಗಿ ಹೇಳಿ, ಕಾಯಿಲೆ, ಔಷಧಿ ಒಪ್ಪಿಸಬೇಕು. ಆರನೇ ಮಂಚ ಬಂದಾಗ ಮಾಸೋಜಿ, “ಆರನೇ ಮಂಚದ ಅಜ್ಜ. ಸಂಜೆ ಐದಕ್ಕೆ ಇನ್ಸುಲಿನ್” ಎಂದು ಮುಂದಕ್ಕೆ ಹೋಗುತ್ತಿದ್ದಳು. ಎಲ್ಲರಿಗೂ ಗೊತ್ತಿತ್ತು. ಯಾರೂ ಕೇಳಲಿಲ್ಲ.

ಗುರುವಾರ ಅವಳು ಹಾಗೆ ಒಪ್ಪಿಸಿ ಊಟಕ್ಕೆ ಹೋದಳು. ಆಮೇಲೆ ಮಾವನಿಗೆ ಕಿಟಕಿಯ ಬಿಸಿಲು ಬೇಕೆನಿಸಿತು. ಎಂಟನೇ ಮಂಚದ ಯೋಬೆ ಅಜ್ಜನಿಗೆ ಬಿಸಿಲು ಸಾಕಾಗಿತ್ತು. ಇಬ್ಬರೂ ಯಾರನ್ನೂ ಕೇಳದೆ ತಮ್ಮ ಕಂಬಳಿ, ತಂಬಿಗೆ ಎತ್ತಿಕೊಂಡು ಮಂಚ ಬದಲಾಯಿಸಿಕೊಂಡರು. ಐದಕ್ಕೆ ತಪೀವಾ ಎಂಬ ಹುಡುಗಿ ಸಿರಿಂಜು ತಂದು, ಆರನೇ ಮಂಚದ ಅಜ್ಜನ ತೋಳಿನ ಬಟ್ಟೆ ಸರಿಸಿದಳು. ಯೋಬೆ ಅಜ್ಜ ಕೆಮ್ಮಿನ ಜ್ವರದಲ್ಲಿ ನಿದ್ದೆಹೋಗಿದ್ದರು.

“ಏನಮ್ಮಾ ಅದು?” ಎಂದಳು ಕಾಲ ಬಳಿ ಕೂತಿದ್ದ ಅವರ ಹೆಂಡತಿ. “ನಮ್ಮೋರಿಗೆ ಸಂಜೆ ಸೂಜಿ ಯಾವತ್ತೂ ಇರ್ಲಿಲ್ವಲ್ಲ.”

ತಪೀವಾಳ ಕೈ ಅಲ್ಲೇ ನಿಂತಿತು. ಊಟ ಬಿಟ್ಟು ಮಲಗಿದ್ದ, ಸಕ್ಕರೆ ಕಾಯಿಲೆಯೇ ಇಲ್ಲದ ಮುದುಕನಿಗೆ ಅಷ್ಟು ಇನ್ಸುಲಿನ್ ಹೋಗಿದ್ದರೆ ಅವರು ಬೆಳಗನ್ನು ಕಾಣುತ್ತಿದ್ದರೋ ಇಲ್ಲವೋ.

ಮರುದಿನ ಬೆಳಿಗ್ಗೆ ಮುಂತಾಲಿ ಮೇಡಂ ಇಬ್ಬರನ್ನೂ ಕರೆಸಿದರು. ಅವರು ಕಾಲೇಜಿನ ಹಿರಿಯ ಶಿಕ್ಷಕಿ. ಸಿಟ್ಟು ಬಂದಾಗ ದನಿ ಇನ್ನೂ ತಗ್ಗುತ್ತಿತ್ತು. ಹೆಸರು ಕೇಳದೆ ಸೂಜಿ ಹಿಡಿದದ್ದಕ್ಕೆ ತಪೀವಾಳಿಗೆ ಒಂದು ವಾರ ವಾರ್ಡು ಬಂದ್ ಮಾಡಿದರು. ಅವಳು ಅತ್ತುಕೊಂಡು ಹೋದಮೇಲೆ ಮಾಸೋಜಿಯ ಕಡೆ ತಿರುಗಿದರು.

“ಮಂಚಕ್ಕೆ ಕಾಯಿಲೆ ಇರುತ್ತಾ?”

“ಇಲ್ಲ ಮೇಡಂ.”

“ಮತ್ತೆ ಮಂಚಾನ ಯಾಕೆ ಒಪ್ಪಿಸಿದೆ?”

ಮಾಸೋಜಿ ನೆಲ ನೋಡಿದಳು. “ನನ್ನನ್ನ ಹೆಂಗಸರ ವಾರ್ಡಿಗೆ ಹಾಕಿಬಿಡಿ ಮೇಡಂ. ಅವರು ಮನೆಗೆ ಹೋಗೋವರೆಗೆ.”

“ಅಲ್ಲಿ ನಿನ್ನ ಅತ್ತೇನೇ ಬಂದು ಮಲಗಿದ್ರೆ? ಆಮೇಲೆ ಮಕ್ಕಳ ವಾರ್ಡಾ? ನಾನೂ ಈ ಕಡೆಯ ಸೊಸೇನೇ. ನನ್ನ ಮಾವನ ಹೆಸರು ಇವತ್ತಿಗೂ ಹೇಳಲ್ಲ. ಆದ್ರೆ ಅವರು ನನ್ನ ವಾರ್ಡಲ್ಲಿ ಮಲಗಿಲ್ಲ.” ಮೇಜಿನ ಫೈಲು ಮುಚ್ಚಿ ಹೇಳಿದರು, “ನಾಳೆ ಮಧ್ಯಾಹ್ನ ನಾನೂ ಬರ್ತೀನಿ. ಹೆಸರು ಹೇಳಿ ಒಪ್ಪಿಸು. ಆಗಲ್ಲ ಅಂದ್ರೆ ಕೊನೇ ಪರೀಕ್ಷೆಗೆ ನಿನ್ನ ಹೆಸರನ್ನ ನಾನು ಕಳಿಸಲ್ಲ.”

ಮಧ್ಯಾಹ್ನ ಅವಳು ಚಪ್ಪರಕ್ಕೆ ಹೋದಳು. ಅತ್ತೆ ಕುಂಬಳದ ಸೊಪ್ಪಿನ ನಾರು ಬಿಡಿಸುತ್ತಿದ್ದರು. ಮಾಸೋಜಿ ಮೊಣಕಾಲೂರಿ ಕೂತು ಎಲ್ಲ ಹೇಳಿದಳು. ಪಕ್ಕದ ಒಲೆಯಲ್ಲಿ ಯೋಬೆ ಅಜ್ಜನ ಹೆಂಡತಿ ಕೇಳಿಸದವಳಂತೆ ಬೆಂಕಿ ಊದಿದಳು.

“ಹೆಸರು ಹೇಳೋದನ್ನ ಕಲಿಯೋಕೆ ಮೂರು ವರ್ಷ ಕಾಲೇಜು ಬೇಕಾಯ್ತಾ, ನ್ಯಾಹಾರ?” ಎಂದರು ಅತ್ತೆ. ಹಾರ ಕುಲದಿಂದ ಬಂದವಳೆಂದು ಮನೆಯಲ್ಲಿ ಎಲ್ಲರೂ ಅವಳನ್ನು ಹಾಗೇ ಕರೆಯುತ್ತಿದ್ದರು. “ನಮ್ಮೂರ ಮಕ್ಕಳು ಎರಡನೇ ವರ್ಷಕ್ಕೇ ಹೇಳ್ತಾವೆ.”

“ಅತ್ತೆ, ನಿನ್ನೆ ಒಂದು ಜೀವ ಹೋಗ್ತಿತ್ತು.”

“ಹೋಗ್ಲಿಲ್ವಲ್ಲ.”

“ಹೋಗ್ತಿದ್ದೋರು ನಮ್ಮೋರು,” ಎಂದಳು ಯೋಬೆ ಅಜ್ಜನ ಹೆಂಡತಿ, ಒಲೆಯಿಂದ ಮುಖ ಎತ್ತದೆ. “ಹೋಗ್ಲಿಲ್ಲ ಅನ್ನೋದು ನಿಮಗೆ ಸುಲಭ.”

ಅತ್ತೆ ಸೊಪ್ಪಿನ ನಾರನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ಮಾಸೋಜಿ ಕಾದಳು. ಸೊಪ್ಪು ಬೆಂದಿತು. ಅತ್ತೆ ತಟ್ಟೆಗೆ ಬಡಿಸಿಕೊಂಡು ವಾರ್ಡಿಗೆ ಹೊರಟುಬಿಟ್ಟರು.

ಶನಿವಾರ ಮಧ್ಯಾಹ್ನ ಒಂದೂವರೆಗೆ ಪಾಳಿ ಬದಲಾಯಿತು. ಒಂದನೇ ಮಂಚ, ಎರಡು, ಮೂರು. ಮಾಸೋಜಿಯ ದನಿ ನೆಟ್ಟಗಿತ್ತು. ಮುಂತಾಲಿ ಮೇಡಂ ಕೈಕಟ್ಟಿ ಹಿಂದೆ ಬರುತ್ತಿದ್ದರು. ಎಂಟನೇ ಮಂಚದಲ್ಲಿ ಮಾವ ಕಿಟಕಿಗೆ ಮುಖ ಮಾಡಿ ಮಲಗಿದ್ದರು. ನೆಲದ ಮೇಲೆ ಅತ್ತೆ ಕಾಲು ಚಾಚಿ ಕೂತಿದ್ದರು. ಮಾಸೋಜಿ ಬಂದು ನಿಂತಾಗ ಕಾಲು ಮಡಚಿಕೊಂಡರು.

ಅಭ್ಯಾಸದಿಂದ ಮಾಸೋಜಿಯ ಮೊಣಕಾಲು ಬಾಗಿತು. ಅವಳು ಅದನ್ನು ತಡೆಯಲಿಲ್ಲ. ಒಂದು ಮೊಣಕಾಲನ್ನು ಸಿಮೆಂಟಿಗೆ ಊರಿದಳು. ಫೈಲು ಎದೆಗೆ ಒತ್ತಿ ಹಿಡಿದಳು. ಬಾಯಿ ತೆರೆದಳು. ವಾರ್ಡಿನಲ್ಲಿ ಯಾರೋ ಚಹಾ ಹೀರುತ್ತಿದ್ದ ಸದ್ದೂ ನಿಂತಿತು.

“ಎಂಟನೇ ಮಂಚ,” ಎಂದಳು. “ನ್ಯೋಂಡೊ ಸೋಕೊ.”

ಸಣ್ಣ ಹೆಸರು. ಅದು ಗೋಡೆಗೆ ಬಡಿಯಲಿಲ್ಲ, ಸೂರು ಮುರಿಯಲಿಲ್ಲ. ಮಾವ ಕಂಬಳಿಯನ್ನು ಮೆಲ್ಲಗೆ ತಲೆಯ ಮೇಲೆ ಎಳೆದುಕೊಂಡರು. ಅತ್ತೆ ಸೆರಗಿನಂತೆ ಹೊದ್ದಿದ್ದ ಬಟ್ಟೆಯಿಂದ ಬಾಯಿ ಮುಚ್ಚಿಕೊಂಡರು. ಮಾಸೋಜಿ ಮುಂದುವರಿಸಿದಳು. ಸಕ್ಕರೆ ಕಾಯಿಲೆ, ಎಡಗಾಲಿನಲ್ಲಿ ಹುಣ್ಣು, ಬೆಳಿಗ್ಗೆಯೂ ಸಂಜೆಯೂ ಇನ್ಸುಲಿನ್. ಕೊನೆಗೆ, ನಿಯಮದಂತೆ, ರೋಗಿಯನ್ನೇ ಕೇಳಬೇಕಿತ್ತು.

“ನ್ಯೋಂಡೊ ಸೋಕೊ ಅಂದ್ರೆ ನೀವೇನಾ?”

ಕಂಬಳಿಯ ಒಳಗಿಂದ ದನಿ ಬಂತು. ಅದು ಕಿಟಕಿಗೆ ಹೇಳಿದ್ದೋ, ಅವಳಿಗೆ ಹೇಳಿದ್ದೋ.

“ನಾನೇ.”

ಮುಂತಾಲಿ ಮೇಡಂ ಒಂಬತ್ತನೇ ಮಂಚದ ಕಡೆ ನಡೆದರು.

ಆಮೇಲೆ ಎರಡು ದಿನ ಅತ್ತೆ ಅವಳೊಂದಿಗೆ ಮಾತಾಡಲಿಲ್ಲ. ಹೇಳಬೇಕಾದದ್ದನ್ನು ಯೋಬೆ ಅಜ್ಜನ ಹೆಂಡತಿಯ ಮೂಲಕ ಹೇಳಿಸಿದರು. ಮಾಸೋಜಿ ತೊಳೆದಿಟ್ಟ ತಟ್ಟೆಯನ್ನು ಮತ್ತೆ ತೊಳೆದರು. ರಜೆ ಸಿಕ್ಕಾಗ ಊರಿಗೆ ಹೋಗಿ, ಹಿರಿಯರ ಮುಂದೆ ಒಂದು ಕೋಳಿ ಇಟ್ಟು ತಪ್ಪೊಪ್ಪಿಕೊಳ್ಳಬೇಕೆಂದು ಅವಳ ಮೂಲಕವೇ ಹೇಳಿ ಕಳಿಸಿದರು. ಮಾಸೋಜಿ ಆಗಲಿ ಎಂದಳು. ಪರೀಕ್ಷೆಯ ಪಟ್ಟಿ ಕಾಲೇಜಿನ ಬಾಗಿಲಿಗೆ ಅಂಟಿಸಿದಾಗ ಅದರಲ್ಲಿ ಅವಳ ಹೆಸರು ಇತ್ತು. ಅವಳು ಅದನ್ನು ಒಮ್ಮೆ ಮಾತ್ರ ಓದಿದಳು.

ಸೋಮವಾರ ಮಧ್ಯಾಹ್ನ, ವಾರ್ಡಿನ ಬಾಗಿಲಲ್ಲಿ, ಅತ್ತೆ ಅವಳ ದಾರಿಗೆ ಅಡ್ಡ ನಿಂತರು. ಕೈಯಲ್ಲಿ ಖಾಲಿ ತಟ್ಟೆ.

“ನಾಳೆ ಮಧ್ಯಾಹ್ನಾನೂ ನಿಂದೇನಾ ಒಪ್ಪಿಸೋದು?”

“ನಂದೇ ಅತ್ತೆ.”

“ಮತ್ತೆ ಅವರ ಹೆಸರು ಹೇಳ್ತೀಯಾ?”

“ಹೇಳ್ತೀನಿ.”

ಅತ್ತೆ ತಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಒರೆಸಿದರು. “ನಿನ್ನೆ ರಾತ್ರಿ ಅವರು ನಗ್ತಿದ್ರು. ‘ಇಷ್ಟು ವರ್ಷ ಆದ್ಮೇಲೆ ನನ್ನ ಹೆಸರು ಅಷ್ಟು ಜೋರಾಗಿದೆ ಅಂತ ಗೊತ್ತಾಯ್ತು’ ಅಂದ್ರು.” ಆಮೇಲೆ ಸಿಟ್ಟೋ ಏನೋ, “ಸ್ವಲ್ಪ ಮೆಲ್ಲಗಾದ್ರೂ ಹೇಳ್ಬಾರ್ದಾ?” ಎಂದರು.

“ಮೆಲ್ಲಗೆ ಹೇಳಿದ್ರೆ ಅತ್ತೆ, ಹಿಂದೆ ನಿಂತಿರೋ ಹುಡುಗೀರಿಗೆ...”

ಮೂರನೇ ಮಂಚದಿಂದ ಯಾರೋ “ನರ್ಸಮ್ಮಾ, ಡ್ರಿಪ್ ಖಾಲಿ ಆಯ್ತು” ಎಂದು ಕೂಗಿದರು. ಮಾಸೋಜಿ ಆಗಲೇ ಅತ್ತ ತಿರುಗಿದ್ದಳು. ಹೋಗುತ್ತಲೇ ಮಾತು ಮುಂದುವರಿಸಿದಳು, “ಅವರಿಗೆ ಕೇಳಿಸ್ದೆ ಹೋದ್ರೆ ಮತ್ತೆ ಮಂಚಾನೇ ನೋಡ್ಕೊಂಡು ಸೂಜಿ ಹಾಕ್ತಾರೆ. ಅದಕ್ಕೇ ನಾನು ಜೋರಾಗೇ ಹೇಳೋದು.”