ಕಾರ್ಖಾನೆ ನೋಡಲು ಬಂದವರು

ಹುಬ್ಬಳ್ಳಿಯ ಗೋಕುಲ ರಸ್ತೆಯ ಕಾರ್ಖಾನೆಯೊಂದರ ಗೇಟಿನ ಮುಂದೆ ಟೆಂಪೊ ನಿಂತಿತು. ನಾನು ಕಾಯುತ್ತಿದ್ದದ್ದು ಒಬ್ಬ ಹುಡುಗಿಗಾಗಿ. ಇಳಿದವರು ಏಳು ಮಂದಿ, ಜೊತೆಗೆ ರೊಟ್ಟಿಯ ಬುತ್ತಿ. ಐದೇ ಮಂದಿ ಇದ್ದಿರಬಹುದು. ಈ ಸಂಗತಿ ಹೇಳಿದಾಗಲೆಲ್ಲ ನನ್ನ ನೆನಪು ಒಬ್ಬರನ್ನು ಹೆಚ್ಚಿಗೆ ಹತ್ತಿಸಿಕೊಳ್ಳುತ್ತದೆ.

ಮೈಸೂರಿನಲ್ಲಿ ಎಂ.ಎ. ಮುಗಿಸಿ, ಎರಡು ಕೆಲಸ ಬಿಟ್ಟು, ತೊಂಬತ್ತರ ದಶಕದ ಕೊನೆಗೆ ನಾನು ಹುಬ್ಬಳ್ಳಿಯ ಸಂಸ್ಥೆಯೊಂದನ್ನು ಸೇರಿದ್ದೆ. ಹಳ್ಳಿಯ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು ಕೆಲಸಕ್ಕೆ ಹಚ್ಚುವ ಸಂಸ್ಥೆ ಅದು. ಕೆಲಸ ಕೇಳಲು ಒಬ್ಬರೇ ಹೋಗಬೇಕು, ಮನೆಯವರನ್ನು ಕರೆದೊಯ್ಯಬಾರದು ಎಂದು ತರಗತಿಯಲ್ಲಿ ಹೇಳಿಕೊಟ್ಟಿದ್ದೆ. ಎಲ್ಲರೂ ತಲೆಯಾಡಿಸಿದ್ದರು.

ಧಾರವಾಡದ ಕೆಲಗೇರಿಯಲ್ಲಿ ಕೋಣೆ ಹಿಡಿದಿದ್ದೆ. ಸಂಜೆ ಕೆರೆಯ ದಂಡೆಯಲ್ಲಿ ಒಬ್ಬನೇ ಕೂತಾಗ, ದಿನವಿಡೀ ಕನ್ನಡವನ್ನೇ ಆಡಿಯೂ ಯಾಕಿಷ್ಟು ದಣಿವು ಎನಿಸುತ್ತಿತ್ತು. ಲಗೂ ಎಂದರೆ ಬೇಗ, ಛಲೋ ಎಂದರೆ ಒಳ್ಳೆಯದು, ಅಷ್ಟು ವಾರದೊಳಗೆ ಬಂತು. ಮಾತಿನ ನೇರಕ್ಕೆ ಒಗ್ಗುವುದು ಕಷ್ಟವಾಯಿತು. ನಮ್ಮ ಕಡೆ ‘ನೋಡೋಣ ಬಿಡಿ’ ಎಂದು ಇಲ್ಲವೆನ್ನುತ್ತೇವೆ. ಇಲ್ಲಿ ಖಾನಾವಳಿಯ ಅಜ್ಜಿ ನಾನು ಖಡಕ್ ರೊಟ್ಟಿ ಮುರಿಯುವುದನ್ನು ನೋಡಿ, “ನಿನಗ ಉಣ್ಣಾಕ ಬರೂದಿಲ್ಲ ತಮ್ಮಾ” ಎಂದು ಎಲ್ಲರೆದುರೇ ಹೇಳಿ, ಮೇಲೊಂದು ರೊಟ್ಟಿ ಹಾಕಿದಳು.

ನಾನು ಕಾಯುತ್ತಿದ್ದವಳು ಹೆಬ್ಬಳ್ಳಿಯ ರೇಣುಕಾ. ಸ್ವಿಚ್ ಜೋಡಿಸುವ ಕೆಲಸ ಅವಳಿಗೆ ಖಾತ್ರಿಯಾಗಿತ್ತು. ತಂದೆಯಿಲ್ಲದ ಅವಳನ್ನು ಸಾಕಿದ ಕಾಕಾ, ಅಂದರೆ ಚಿಕ್ಕಪ್ಪ, ಹೂಂ ಅನ್ನಬೇಕಿತ್ತು. ಅವರು ಬೇಡವೆಂದರೆ ಮರುದಿನವೇ ಆ ಜಾಗಕ್ಕೆ ಬೇರೊಬ್ಬಳು ಬರುತ್ತಿದ್ದಳು.

“ಇವರನ್ನೆಲ್ಲ ಕರೆಸಿದ್ದು ಯಾರು?” ಎಂದು ಸಹೋದ್ಯೋಗಿ ಕಸ್ತೂರಿಯವರನ್ನು ಕೇಳಿದೆ.

“ನಾನ ಕರಸೇನ್ರಿ. ಹುಡುಗೀನ ಕೊಡೂಮುಂದ ಹುಡುಗನ ಮನಿ ನೋಡಾಕ ಹೋಗೂದಿಲ್ಲೇನು? ಇದೂ ಹಂಗ.”

“ಇದು ಮದುವೆಯಲ್ಲ ಮೇಡಂ, ಕೆಲಸ.”

“ಅದಕ್ಕ ಬರೇ ಟೆಂಪೊ ತಂದಾರ. ಮದುವಿ ಆಗಿದ್ರ ಲಾರಿ ಬರತಿತ್ತು.”

ಮ್ಯಾನೇಜರ್ ಹೊರಗೆ ಬಂದು ನನ್ನನ್ನೇ ಹಿಡಿದರು. “ಏನ್ರಿ ಸರ, ಕೆಲಸ ಕೇಳಿದ್ದು ಒಬ್ಬಾಕಿಗೆ. ಇಡೀ ಓಣೀನ ಕರಕೊಂಡ ಬಂದೀರಲ್ಲ?”

ಉತ್ತರ ಕೊಟ್ಟವರು ಕಾಕಾ. “ದುಡ್ಯಾಕಿ ಒಬ್ಬಾಕೀನ್ರಿ. ಚಿಂತಿ ಮಾಡವ್ರು ನಾವೆಲ್ಲಾರೂ.”

ಮ್ಯಾನೇಜರ್ ನಕ್ಕು ಒಳಗೆ ಬಿಟ್ಟರು. ಬಂದವರು ಬೀಗರ ಮನೆ ನೋಡುವ ಹಾಗೆಯೇ ನೋಡಿದರು. ನೀರು ಕುಡಿದರು, ಕಿಟಕಿ ಎಣಿಸಿದರು, ಯಂತ್ರದ ಮುಂದೆ ಕೂತ ಹುಡುಗಿಯರಿಗೆ ಯಾವೂರು ಎಂದು ಕೇಳಿದರು. ಹೆಂಗಸರ ಶೌಚಾಲಯಕ್ಕೆ ಹೋಗಿಬಂದ ಕಾಕಿ ಮಾತ್ರ ಗಂಡನ ಕಿವಿಯಲ್ಲಿ ಏನೋ ಹೇಳಿದಳು. ಬಾಗಿಲಿಗೆ ಒಳಗಿನಿಂದ ಚಿಲಕವಿರಲಿಲ್ಲ.

ಕಾಕಾ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು. “ನಡೀರಿ. ಇದು ನಮಗ ಬ್ಯಾಡ.”

ನಾನು ಬಾಯಿ ತೆರೆಯುವಷ್ಟರಲ್ಲಿ ಕಸ್ತೂರಿಯವರು ನನ್ನ ತೋಳು ಹಿಡಿದು ತಡೆದರು. ರೇಣುಕಾ ನಿಂತಲ್ಲಿಂದ ಕದಲಲಿಲ್ಲ.

“ಕಾಕಾ, ನಮ್ಮ ಸಾಲಿ ಸಂಡಾಸಕ್ಕ ಬಾಗಲಾನ ಇರಲಿಲ್ಲ. ಆದ್ರೂ ಹತ್ತನೇತ್ತಾ ತನಕಾ ಕಳಿಸಿದ್ರಿ. ಇಲ್ಲಿ ಬಾಗಲರೆ ಐತಿ. ಚಿಲಕಾ ಹಾಕಸ್ರಿ ಅಂತ ನಾನ ಕೇಳ್ತೇನಿ.” ಮ್ಯಾನೇಜರರ ಕಡೆ ತಿರುಗಿದಳು. “ಹಾಕಸ್ತೀರೇನ್ರಿ?”

ಮೊದಲು ನಕ್ಕವಳು ಕಾಕಿ. ಮ್ಯಾನೇಜರ್ ಅಂಗಡಿಗೆ ಆಳು ಕಳಿಸಿದರು. ಚಿಲಕ ಕೂರುವ ತನಕ ಎಲ್ಲರೂ ಅಂಗಳದ ನೆರಳಿನಲ್ಲಿ ಬುತ್ತಿ ಬಿಚ್ಚಿ ಉಂಡರು. ಕಾಕಿ ಹೋಗಿ ಅದನ್ನು ಎರಡು ಸಲ ಹಾಕಿ ತೆಗೆದು ಬಂದಳು. ಕಾಕಾ, “ನಾಳಿಂದ ಬರ್ತಾಳ್ರಿ” ಎಂದರು.

ಈಗ ಇಂಥ ಭೇಟಿಗಳಿಗೆ ನಾನೇ ಟೆಂಪೊ ಗೊತ್ತುಮಾಡುತ್ತೇನೆ. ನನ್ನ ಅನುಮಾನವಂತೂ ಪೂರ್ತಿ ಹೋಗಿಲ್ಲ. ನೋಡಿಹೋದವರು ಬೇಡವೆಂದದ್ದೂ, ಬಂದ ಹುಡುಗಿ ತಲೆತಗ್ಗಿಸಿ ಅದೇ ಟೆಂಪೊ ಹತ್ತಿದ್ದೂ ಉಂಟು. ಎಲ್ಲರೂ ರೇಣುಕಾ ಅಲ್ಲ.

ಅಂದು ಹೊರಡುವಾಗ ಕಾಕಾ ನನ್ನನ್ನು ಕೇಳಿದರು. “ನೀವು ಇಷ್ಟು ದೂರ ಬರೂಮುಂದ ನಿಮ್ಮ ಮಂದಿ ಯಾರ ಬಂದು ನೋಡಿದ್ರು?”

“ಯಾರೂ ಬಂದಿಲ್ಲ.”

“ಹಂಗಾದ್ರ ನಡೀರಿ, ನಾವ ನೋಡ್ತೇವಿ.”

ದಾರಿ ಬಿಟ್ಟು ಕೆಲಗೇರಿಗೆ ಬಂದರು. ಇರುವ ಒಂದೇ ಕೋಣೆಯಲ್ಲಿ ಎಲ್ಲರೂ ನಿಂತರು. ಕಾಕಿ ನನ್ನ ಅಕ್ಕಿಯ ಡಬ್ಬಿ ತೆರೆದು, ಹಾಸಿಗೆ ಮುಟ್ಟಿ, “ಗಾಳಿ ಬರತೈತಿ. ಇರಬಹುದು” ಎಂದಳು. ನನಗೆ ಪರೀಕ್ಷೆ ಪಾಸಾದಷ್ಟು ಸಂತೋಷವಾಯಿತು.

ಭಾನುವಾರ ಎಸ್‌ಟಿಡಿ ಬೂತಿನಿಂದ ಮೈಸೂರಿಗೆ ಫೋನ್ ಮಾಡಿ, ಕೋಣೆ ನೋಡಿ ಒಪ್ಪಿದರು ಎಂದು ಅಮ್ಮನಿಗೆ ಹೇಳಿದೆ.

“ಯಾರೋ ಒಪ್ಪಿದ್ದು?”

“ನಮ್ಮ ಕಡೆಯವರು” ಎಂದುಬಿಟ್ಟೆ.

“ಹಾಗಾದ್ರೆ ನಾವು ಯಾರ ಕಡೆಯವರಪ್ಪ?” ಎಂದು ಅಮ್ಮ ಕೇಳಿ ನಕ್ಕಳು. ನಕ್ಕಳು ಎಂದೇ ನನ್ನ ನೆನಪು. ಆ ನಗುವನ್ನು ಆಮೇಲೆ ನಾನೇ ಸೇರಿಸಿಕೊಂಡಿದ್ದರೂ ಇರಬಹುದು.