ಬಿಸೀಚ್ ಅಂದರೆ ಅಂಗಲಾಚುವುದು

ತೊಗರಿ ಕಾಯಿ ಒಣಗಿ ಗಿಲಿಗಿಲಿ ಅನ್ನುವ ದಿನಗಳಲ್ಲಿ ನಮ್ಮೂರು ಮೋರಖಂಡಿಯ ಯಾವ ಮನೆಗೆ ಹೋದರೂ ಎಳ್ಳಮಾವಾಸ್ಯೆಯ ಭಜ್ಜಿಯ ವಾಸನೆ. ಹಸಿ ಕಾಳು, ಸೊಪ್ಪು, ಹುಣಸೆಹುಳಿ ಕೂಡಿ ಕುದಿಯುವಾಗ ಮಕ್ಕಳು ಒಲೆ ಬಿಟ್ಟು ಏಳುತ್ತಿರಲಿಲ್ಲ. ನಾನು ಎಂಟನೇ ತರಗತಿಯಲ್ಲಿದ್ದ ವರ್ಷ ನಮ್ಮ ಮನೆಯಲ್ಲಿ ಭಜ್ಜಿ ಆಗಲಿಲ್ಲ. ಬಂಡಿಯಿಂದ ಬಿದ್ದು ಕಾಲು ಮುರಿದುಕೊಂಡ ಅಪ್ಪ ಹುಮನಾಬಾದಿನ ಆಸ್ಪತ್ರೆಯಲ್ಲಿದ್ದ. ಅವ್ವ ಅವನ ಹತ್ತಿರ. ಆಡುಗಳೂ ಚಿಕ್ಕ ತಂಗಿಯೂ ನನ್ನ ಪಾಲಿಗೆ. ತಿಂಗಳಿಗಿಂತ ಹೆಚ್ಚು ದಿನ ನಾನು ಬಸವಕಲ್ಯಾಣದ ಶಾಲೆಯ ಮುಖ ನೋಡಲಿಲ್ಲ.

ಅಪ್ಪ ಮನೆಗೆ ಬಂದ ಮೇಲೆ ಹೋದೆ. ಆಡಿನ ವಾಸನೆ ಅಂತ ಪಕ್ಕದ ಹುಡುಗಿಯರು ಸರಿದು ಕೂತರು. ಇಂಗ್ಲಿಷ್ ಕಲಿಸುತ್ತಿದ್ದ ಸರ್ ನಮ್ಮ ತರಗತಿಯ ಮೇಷ್ಟ್ರೂ ಆಗಿದ್ದರು. ಹಾಜರಿ ಕಡಿಮೆ, ಪರೀಕ್ಷೆಗೆ ಕೂರಿಸುವುದಿಲ್ಲ, ಮನೆಯವರನ್ನು ಕರೆದುಕೊಂಡು ಬಾ ಅಂದರು.

ಮರುದಿನ ಅವ್ವ ಬಂದಾಗ ಸರ್ ಬೋರ್ಡಿನ ಮೇಲೆ ಹೊಸ ಶಬ್ದ ಬರೆದಿದ್ದರು. ಬಿಸೀಚ್. ಬರೇ ಕೇಳುವುದಲ್ಲ, ಎದುರಿನವರ ಮನಸ್ಸು ಕರಗುವ ಹಾಗೆ ಬೇಡಿಕೊಳ್ಳುವುದು, ಅಂಗಲಾಚುವುದು. ಆಗಿಹೋದ ಕೆಲಸವಾದರೆ ಬಿಸಾಟ್ ಅನ್ನಬೇಕು ಅಂತ ಹೇಳಿಕೊಡುತ್ತಿದ್ದರು. ಅವ್ವ ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲಿ ಕೈಮುಗಿದು ನಿಂತಳು.

"ಹುಡಗೀದು ತಪ್ಪಿಲ್ರಿ ಸರ. ನಾನೇ ಬಿಡಸಿದ್ದೆ. ಒಂದ್ ಸಲ ಪರೀಕ್ಷಾಕ ಕುಂದ್ರಸ್ರಿ, ನಿಮ್ಮ ಕಾಲ ಬೀಳ್ತೀನ್ರಿ."

ಸರ್ ನಮ್ಮ ಕಡೆ ತಿರುಗಿ, ನೋಡ್ರಿ, ಇದೇ ಬಿಸೀಚ್ ಅಂದರು. ಇಡೀ ತರಗತಿ ನಕ್ಕಿತು. ಅವ್ವನಿಗೆ ಯಾಕೆ ನಗುತ್ತಿದ್ದಾರೆಂದು ತಿಳಿಯಲಿಲ್ಲ. ತಾನೂ ಸ್ವಲ್ಪ ನಕ್ಕಳು. ಆ ನಗು ನೆನೆದರೆ ನಾನು ಇವತ್ತಿಗೂ ಹಲ್ಲು ಕಟಕಟ ಕಡಿಯುತ್ತೇನೆ.

"ಏಳು. ನಿಮ್ಮವ್ವನ ಮ್ಯಾಲ ಒಂದ್ ವಾಕ್ಯ ಮಾಡು," ಅಂದರು ನನಗೆ.

ಕೂಗಬೇಕಿತ್ತು. ಅವ್ವನ ಕೈ ಹಿಡಿದು ಹೊರಗೆ ನಡೆಯಬೇಕಿತ್ತು. ಆದರೆ ಅವ್ವ ನನ್ನ ಕಡೆ ನೋಡುತ್ತಿದ್ದಳು, ಮಗಳು ಏನೋ ಜಾಣತನದ್ದು ಹೇಳುತ್ತಾಳೆಂದು. ನಾನು ಎದ್ದು ನಿಂತು ಹೇಳಿದೆ: "ಮೈ ಮದರ್ ಬಿಸೀಚಸ್ ಯು, ಸರ್." ಒಂದು ಅಕ್ಷರ ತಪ್ಪಲಿಲ್ಲ. ಸರ್ ವೆರಿ ಗುಡ್ ಅಂದರು, ಚಪ್ಪಾಳೆ ಹೊಡೆಸಿದರು. ಆಮೇಲೆ, ಹೋಗವ್ವಾ, ಕುಂದ್ರಸ್ತೀನಿ ಅಂತ ಅವ್ವನನ್ನು ಕಳಿಸಿದರು. ಎಲ್ಲರ ಜೊತೆ ಅವ್ವನೂ ಚಪ್ಪಾಳೆ ಹೊಡೆದಿದ್ದಳು.

ಶಾಲೆ ಬಿಡುವ ತನಕ ಹೊರಗೆ ಕಾದಿದ್ದ ಅವ್ವ ಸಂಜೆ ಬಸ್ಸಿನಲ್ಲಿ ಕೇಳಿದಳು: "ಸರ ಏನ್ ಕೇಳಿದ್ರ? ನೀ ನನ್ನ ಬಗ್ಗೆ ಏನಂದಿ?"

"ನಮ್ಮವ್ವ ಭಾಳ ಛಲೋ ಅದಾಳ ಅಂದೆ," ಅಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ನೋಡಿದಳು. ಮನೆಗೆ ಬಂದವರಿಗೆಲ್ಲ ವರ್ಷಗಟ್ಟಲೆ ಅದನ್ನೇ ಹೇಳಿದಳು.

ಈಗ ನಾನು ಹುಮನಾಬಾದಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಆ ಸರ್ ಒಮ್ಮೆ ಬಸ್ ನಿಲ್ದಾಣದಲ್ಲಿ ಸಿಕ್ಕು, ಇವಳು ನನ್ನ ಶಿಷ್ಯೆ ಅಂತ ಯಾರಿಗೋ ಹೆಮ್ಮೆಯಿಂದ ಹೇಳಿದರು. ಅವರಿಗೆ ಆ ದಿನದ್ದು ಏನೂ ನೆನಪಿರಲಿಲ್ಲ. ನಾನು ನಮಸ್ಕಾರ ಮಾಡಲಿಲ್ಲ. ಅಷ್ಟೇ ನನ್ನಿಂದ ಆದದ್ದು. ಅವರ ಮೇಲಿನ ಸಿಟ್ಟು ಹೊತ್ತು ತಿರುಗಬಲ್ಲೆ. ಅವತ್ತು ಎದ್ದು ನಿಂತು ವಾಕ್ಯ ಹೇಳಿದ ಆ ಹುಡುಗಿಯ ಮೇಲಿನ ಸಿಟ್ಟನ್ನು ಇಳಿಸಬಲ್ಲವಳು ಒಬ್ಬಳೇ ಇದ್ದಳು. ನಿಜ ಹೇಳಿ, ತಪ್ಪಾಯ್ತವ್ವಾ ಅನ್ನಲು ನನಗೆ ಇಷ್ಟು ವರ್ಷ ಬೇಕಾಯಿತು. ಅಷ್ಟರಲ್ಲಿ ಅವ್ವ ಇರಲಿಲ್ಲ.